ಬಿಸಿಯಾದ ಮೇಲೆ ನಿಲ್ಲುವ ಜೀಪು

ನಮ್ಮ ಸದಸ್ಯರಲ್ಲಿ ಹಲವರ ಅಂಗಳದಲ್ಲಿ ಇಂದಿಗೂ ಒಂದು ಹಳೆಯ ಪೆಟ್ರೋಲ್ ಜೀಪು ಉಳಿದುಕೊಂಡಿದೆ. ಅಮೆರಿಕದ ವಿಲ್ಲೀಸ್ ಕಂಪೆನಿ 1953ರಲ್ಲಿ ಹೊರತಂದ ಸಿಜೆ 3ಬಿ ಮಾದರಿಯನ್ನು ಮಹೀಂದ್ರದವರು ನಮ್ಮಲ್ಲಿ ದಶಕಗಳ ಕಾಲ ತಯಾರಿಸಿದರು. ತೋಟದ ಕೆಸರು ದಾರಿಗೆ ಒಗ್ಗಿದ ಗಾಡಿ ಅದು. ಈ ಜೀಪುಗಳ ಬಗ್ಗೆ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಐದಾರು ಮೈಲಿ ಚೆನ್ನಾಗಿ ಓಡುತ್ತದೆ, ಇಂಜಿನ್ ಕಾದ ಮೇಲೆ ಏರಿನಲ್ಲಿ ಗಕ್ಕನೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಇಷ್ಟಕ್ಕೇ ಬೇಸತ್ತು ಗಾಡಿಯನ್ನು ಗುಜರಿಗೆ ಹಾಕಲು ಹೊರಟವರನ್ನು ಕಂಡು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಈ ದೋಷ ಗ್ಯಾರೇಜಿನಲ್ಲಿ ಸಿಕ್ಕುವುದು ಅಪರೂಪ ಎಂಬುದು ನಮ್ಮ ಅಭಿಪ್ರಾಯ. ಗಾಡಿ ಅಲ್ಲಿಗೆ ತಲಪುವಷ್ಟರಲ್ಲಿ ಇಂಜಿನ್ ಆರಿರುತ್ತದೆ, ಅದರೊಂದಿಗೆ ದೋಷವೂ ಮಾಯವಾಗಿರುತ್ತದೆ. ಮೇಸ್ತ್ರಿಗಳು ಪಾಪ, ಊಹೆಯ ಮೇಲೆ ಒಂದೊಂದೇ ಸಾಮಾನು ಬದಲಾಯಿಸುತ್ತಾರೆ, ಹಣ ನಮ್ಮದು. ನಿಂತ ಜಾಗದಲ್ಲೇ, ಬಿಸಿ ಆರುವ ಮೊದಲೇ, ಗಾಡಿಯ ಯಜಮಾನರೇ ನೋಡಬೇಕು.

ನಾವೂ ಇದನ್ನು ತಡವಾಗಿ ಕಲಿತವರೇ. ಕೊಯ್ಲು ಮುಗಿಯುವ ಹೊತ್ತಿಗೆ ಚೆರಿ ಕಾಫಿಯ ಚೀಲ ಹೇರಿಕೊಂಡು ಹೊರಟಿದ್ದಾಗ ಜೀಪು ಏರು ತಿರುವಿನಲ್ಲಿ ನಿಂತಿತು. ಹಿಂದೆ ಲಾರಿ, ಪಕ್ಕದಲ್ಲಿ ಕಂದಕ. ಜೊತೆಗಿದ್ದ ಹುಡುಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಿದ್ದರಿಂದ ಉಳಿದೆವು. ಪೇಟೆಯ ಗ್ಯಾರೇಜಿನಲ್ಲಿ ಮೊದಲು ಕಾರ್ಬೊರೇಟರ್ ಹೊಸದಾಯಿತು, ಮುಂದಿನ ವಾರ ಪೆಟ್ರೋಲ್ ಪಂಪು. ಮೂರನೆಯ ಸಲವೂ ನಿಂತಾಗ ರಸ್ತೆಯಲ್ಲೇ ಬಾನೆಟ್ ಎತ್ತಿ ಕಿಡಿ ನೋಡಿದೆವು. ಹಳದಿಯಾಗಿ, ಸತ್ತಂತಿತ್ತು. ಹೋದದ್ದು ಕಂಡೆನ್ಸರ್! ಬೆರಳು ಗಾತ್ರದ ಆ ಡಬ್ಬಿಯ ಬೆಲೆ ಹೋಟೆಲಿನ ಒಂದು ಊಟದಷ್ಟು. ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ತಡೆದು, ಪ್ಲಗ್ಗಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಕಾಯಿಲಿನಲ್ಲಿ ಹುಟ್ಟಲು ನೆರವಾಗುವುದು ಅದರ ಕೆಲಸ. ಒಳಗಿನ ಪದರ ಹಳತಾದರೆ ಕಾದಾಗ ವಿದ್ಯುತ್ ಸೋರುತ್ತದೆ, ಆರಿದಾಗ ಸರಿಯಾಗುತ್ತದೆ. ಕಾಯಿಲೂ ಹೀಗೆಯೇ ಆಟವಾಡಿಸುವುದುಂಟು. ಗಾಡಿ ನಿಂತ ಮೇಲೆ ಕೀಲಿಯನ್ನು ಆನ್ ಇಟ್ಟು ಮಾತಿಗೆ ನಿಲ್ಲುವವರು ಕಾಯಿಲನ್ನು ಸುಮ್ಮನೆ ಸುಡುತ್ತಿರುತ್ತಾರೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಆದುದರಿಂದ ಗಾಡಿ ನಿಂತೊಡನೆ ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡೆ ಕೊಟ್ಟು, ಗೇರು ನ್ಯೂಟ್ರಲ್ಲಿಗೆ ತಂದು ಮೊದಲು ಕಿಡಿ ನೋಡಿ. ಪೆಟ್ರೋಲಿನ ತಂಟೆಗೆ ಹೋಗುವುದು ಆಮೇಲೆ. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಕಿಡಿ ಹಾರಿಸಿದರೆ ಜೀಪು ಉಳಿಯದು. ಡಿಸ್ಟ್ರಿಬ್ಯೂಟರಿನ ನಡುವಿನ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ತುದಿ ಇಂಜಿನ್ನಿನ ಬರಿ ಕಬ್ಬಿಣಕ್ಕೆ ಕಾಲು ಅಂಗುಲ ದೂರವಿರುವಂತೆ ಮಾಡಿ ಸ್ಟಾರ್ಟರ್ ತಿರುಗಿಸಲು ಹೇಳಿ. ಚಟಚಟನೆ ನೀಲಿ ಕಿಡಿ ಹಾರಿದರೆ ಕಾಯಿಲು, ಕಂಡೆನ್ಸರ್ ಎರಡನ್ನೂ ಮರೆತುಬಿಡಬಹುದು.

ಕಿಡಿ ಸರಿಯಿದ್ದರೆ ಏರ್ ಕ್ಲೀನರಿನ ಕೊಳವೆ ತೆಗೆದು, ಸ್ಟಾರ್ಟರ್ ಮುಟ್ಟದೆ, ಕಾರ್ಬೊರೇಟರಿನ ಬಾಯಿ ನೋಡುತ್ತಾ ಆಕ್ಸಿಲರೇಟರನ್ನು ಕೈಯಲ್ಲಿ ಒತ್ತಿ. ಒಳಗೆ ಪೆಟ್ರೋಲ್ ಚಿಮ್ಮದಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಆಗ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಬುಸ್ಸೆಂದು ಗಾಳಿ ಒಳಕ್ಕೆ ನುಗ್ಗಿ, ಸ್ವಲ್ಪ ಹೊತ್ತಿಗೆ ಗಾಡಿ ಹೊರಟರೆ ಮುಚ್ಚಳದ ಗಾಳಿ ರಂಧ್ರ ಧೂಳಿನಿಂದ ಮುಚ್ಚಿದೆ ಎಂದರ್ಥ. ಅದಲ್ಲವಾದರೆ ಪೆಟ್ರೋಲ್ ಪೈಪಿನೊಳಗೇ ಕುದಿದು ಆವಿಯಾಗಿರಬಹುದು. ಭಾರ ಹೇರಿಕೊಂಡು ನಿಧಾನವಾಗಿ ಏರುವಾಗ ರೇಡಿಯೇಟರಿಗೆ ಬೇಕಷ್ಟು ಗಾಳಿ ಸಿಕ್ಕದು. ಪಂಪು ಎಳೆಯುವ ಪೈಪಿನಲ್ಲಿ ಒತ್ತಡ ಕಡಿಮೆಯಿರುವುದರಿಂದ ಕುದಿಯುವುದೂ ಬೇಗ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯ್ದರೆ ಗಾಡಿ ಮನೆ ಸೇರುತ್ತದೆ. ಆಮೇಲೆ ಸೈಲೆನ್ಸರ್ ಕೊಳವೆಯ ಹತ್ತಿರ ಹಾಯುವ ಪೆಟ್ರೋಲ್ ಪೈಪನ್ನು ದೂರ ಸರಿಸಬೇಕು. 2025ರಲ್ಲಿ ದೇಶದ ಪೆಟ್ರೋಲಿಗೆ ಶೇಕಡ 20 ಎಥನಾಲ್ ಬೆರೆಸುವ ಗುರಿ ಮುಟ್ಟಿದ ಮೇಲೆ, ಅದಕ್ಕಾಗಿ ಮಾಡಿರದ ಹಳೆಯ ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಮನ್ನು ಬದಲಾಯಿಸಿಕೊಳ್ಳುವುದೂ ಒಳ್ಳೆಯದು.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ನಿಲ್ಲುತ್ತದೆ ಎಂದರೆ? ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಚೋಕ್ ಸಿಕ್ಕಿಕೊಂಡಿದೆಯೇ ನೋಡಿ. ಇಲ್ಲವಾದರೆ ವಾಲ್ವಿನ ಸಂದು. ಈ ಇಂಜಿನ್ನಿನಲ್ಲಿ ಒಳಗೆ ಎಳೆಯುವ ವಾಲ್ವು ಮೇಲ್ಗಡೆ, ಹೊಗೆ ಬಿಡುವ ವಾಲ್ವು ಬ್ಲಾಕಿನ ಪಕ್ಕದಲ್ಲಿ. ಮೇಲಿನದನ್ನು ಸರಿಮಾಡಿ, ಪಕ್ಕದ ಮುಚ್ಚಳ ಬಿಚ್ಚುವ ಕಷ್ಟಕ್ಕೆ ಕೆಳಗಿನದನ್ನು ಹಾಗೇ ಬಿಡುವ ಮೇಸ್ತ್ರಿಗಳಿದ್ದಾರೆ. ಸಂದು ಕಡಿಮೆಯಾದರೆ ಕಾದು ಉದ್ದವಾದ ವಾಲ್ವು ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಎದುರು ನಿಂತು ಎರಡನ್ನೂ ಮಾಡಿಸಬೇಕು.

ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಯುವುದು, ರೇಡಿಯೇಟರಿನ ಮುಚ್ಚಳ ತಿರುವುವುದು, ಕಾರ್ಬೊರೇಟರಿನ ಬಾಯಿಗೆ ಬಾಟ್ಲಿಯಿಂದ ಪೆಟ್ರೋಲ್ ಹುಯ್ಯುವುದು, ಈ ಮೂರನ್ನು ಯಾರು ಹೇಳಿದರೂ ಕೂಡದು.

ಇನ್ನು ಸಂಘಕ್ಕೊಂದು ಮಾತು. ನಮ್ಮ ಮಾರಾಟ ಮಳಿಗೆಯಲ್ಲಿ ಗೊಬ್ಬರ, ಮೈಲುತುತ್ತ, ದೋಟಿ ಎಲ್ಲವೂ ಸಿಕ್ಕುತ್ತವೆ. ಅದೇ ಕಪಾಟಿನ ಒಂದು ಮೂಲೆಯಲ್ಲಿ ಹತ್ತು ಕಂಡೆನ್ಸರ್, ಹತ್ತು ಜೊತೆ ಪಾಯಿಂಟ್, ನಾಲ್ಕಾರು ಡಯಾಫ್ರಮ್ ಇಟ್ಟರೆ ಸಂಘಕ್ಕೆ ದೊಡ್ಡ ಬಂಡವಾಳವೇನೂ ಬೇಡ. ಮುಂದಿನ ಸಭೆಯಲ್ಲಿ ಇದನ್ನು ಎತ್ತಲಿದ್ದೇವೆ. ಜೀಪು ಇರುವ ಸದಸ್ಯರು ಅಂದು ತಪ್ಪದೆ ಬರಬೇಕು.