ಕೇಳಲು ಹೆದರುವ ವಾರ್ಡು

ನಮ್ಮಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ಟಿನದೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ, ಅದರ ಗೆರೆ ನೋಡಿ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಔಷಧ ಹೋಗುತ್ತದೆ. ಪೋಸ್ಟಿಂಗಿಗೆ ಬಂದ ನರ್ಸಿಂಗ್ ವಿದ್ಯಾರ್ಥಿನಿಗೆ ಇಲ್ಲಿ ಅನುಮಾನ ಬರಬೇಕು, ಬಂದಾಗ ಕೇಳಬೇಕು. ಆದರೆ ಹಿಂದಿನ ದಿನವಷ್ಟೇ ರೋಗಿಗಳ ಮನೆಯವರ ಎದುರು "ಇಷ್ಟೂ ಗೊತ್ತಿಲ್ವಾ? ಕಾಲೇಜಲ್ಲಿ ಏನ್ ಕಲಿಸ್ತಾರೆ ನಿಮಗೆ?" ಎಂದು ಬೈಸಿಕೊಂಡವಳು ಇವತ್ತು ಬಾಯಿ ತೆರೆಯುವುದು ಕಷ್ಟ. ಅವಮಾನ ಅವಳದು, ಅಪಾಯ ಹಾಸಿಗೆಯಲ್ಲಿ ಮಲಗಿದವರದು. ವಿದ್ಯಾರ್ಥಿಗಳ ಮೇಲಿನ ಒರಟುತನವನ್ನು ಬರೀ ಮನಸ್ಸು ನೋಯುವ ಸಂಗತಿಯೆಂದು ನೋಡುವುದು ಇದಕ್ಕೇ ತಪ್ಪು.

"ನಾವೂ ಬೈಸಿಕೊಂಡೇ ಕಲಿತಿದ್ದು" ಎನ್ನುವ ಹಿರಿಯರಿದ್ದಾರೆ. ಅವರು ಕಲಿತಿದ್ದು ನಿಜ. ಬೈಗುಳದಿಂದ ಕಲಿತರೆಂಬುದು ನಿಜವಲ್ಲ. ತಪ್ಪನ್ನು ಕಟ್ಟುನಿಟ್ಟಾಗಿ ತಿದ್ದುವುದು ಬೇರೆ, ಹತ್ತು ಜನರ ಮುಂದೆ ಮರ್ಯಾದೆ ತೆಗೆಯುವುದು ಬೇರೆ. ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬೆಂಗಳೂರಿಗೆ ಬಂದು, ಕನ್ನಡ ಇನ್ನೂ ನಾಲಿಗೆಗೆ ಹತ್ತದ ಹುಡುಗಿಗೆ ಈ ಏಟು ಇನ್ನೂ ಜೋರು.

ಹಿರಿಯ ವಿದ್ಯಾರ್ಥಿಗಳ ಕಾಟಕ್ಕೆ ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳಿವೆ. ವಾರ್ಡಿನ ಸಿಸ್ಟರ್ ಅಥವಾ ಡಾಕ್ಟರು ದಿನವೂ ಹೀಯಾಳಿಸಿದರೆ ಹುಡುಗಿ ಯಾರ ಬಳಿ ಹೋಗಬೇಕು? ಲಾಗ್‌ಬುಕ್ಕಿಗೆ ಸಹಿ ಹಾಕಬೇಕಾದವರೇ ಬೈಯುವವರಾದರೆ ದೂರು ಗಂಟಲಲ್ಲೇ ಉಳಿಯುತ್ತದೆ. ಕಾಲೇಜು ಬೇರೆಯವರ ಆಸ್ಪತ್ರೆಯನ್ನು ನಂಬಿಕೊಂಡಿದ್ದರೆ ಪ್ರಾಂಶುಪಾಲರೂ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ" ಎಂದುಬಿಡುತ್ತಾರೆ.

ಹಾಗಾಗಿ ದೂರು ಕೇಳುವವರು ಅಂಕ ಕೊಡುವವರಾಗಿರಬಾರದು. ಕಾಲೇಜು ಮತ್ತು ಆಸ್ಪತ್ರೆಯ ಒಪ್ಪಂದದಲ್ಲೇ ನಡವಳಿಕೆಯ ಷರತ್ತು ಇರಬೇಕು. ಕಾಲೇಜಿನ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಬೆಳಗ್ಗೆ ಹಾಜರಿ ತೆಗೆದುಕೊಂಡು ಹೊರಟುಹೋಗದೆ ವಾರ್ಡಿನಲ್ಲೇ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂದು ನನಗನಿಸುತ್ತದೆ, ಯಾಕೆಂದರೆ ಬೈಗುಳ ಬೀಳುವ ಹೊತ್ತಿಗೆ ಪಕ್ಕದಲ್ಲಿ ಇರುವವರಷ್ಟೇ ಅದನ್ನು ತಡೆಯಬಲ್ಲರು.

ಸಿಸ್ಟರುಗಳನ್ನು ಖಳರನ್ನಾಗಿ ಮಾಡಿಯೂ ಪ್ರಯೋಜನವಿಲ್ಲ. ಇಡೀ ವಾರ್ಡನ್ನು ರಾತ್ರಿಪಾಳಿಯಲ್ಲಿ ಒಬ್ಬಳೇ ನೋಡಿಕೊಂಡವಳಿಗೆ ಬೆಳಗ್ಗೆ ಗುಂಪಾಗಿ ಬಂದ ವಿದ್ಯಾರ್ಥಿಗಳು ಹೊರೆಯಾಗಿಯೇ ಕಾಣುತ್ತಾರೆ. ಕಲಿಸುವುದನ್ನೂ ಅವಳ ಕೆಲಸವೆಂದು ಲೆಕ್ಕ ಹಿಡಿದು, ಆ ಹೊತ್ತಿನಲ್ಲಿ ಬೇರೆ ಕೆಲಸ ಕಡಿಮೆ ಮಾಡಿಕೊಡುವುದು ಆಸ್ಪತ್ರೆಯ ಆಡಳಿತದ ಹೊಣೆ. ಖಾಲಿ ಬಿದ್ದ ನರ್ಸ್ ಹುದ್ದೆಗಳ ಕೆಲಸವನ್ನು ವಿದ್ಯಾರ್ಥಿಗಳಿಂದ ತೆಗೆಸಿಕೊಳ್ಳುವ ಆಸ್ಪತ್ರೆ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.