ಹೊಗೆಯ ಲೆಕ್ಕ, ಉರುವಲಿನ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಕುಚ್ಚಲಕ್ಕಿಯ ಮಿಲ್ಲಿನಿಂದಲೋ ಗೇರುಬೀಜದ ಕಾರ್ಖಾನೆಯಿಂದಲೋ ಕರಿಯ ಹೊಗೆ ಎದ್ದರೆ, ನೆರೆಯವರು ಒಣಹಾಕಿದ ಬಟ್ಟೆಯ ಚಿಂತೆ ಮಾಡುತ್ತಾರೆ. ಮಾಲಿಕನೂ ಚಿಂತಿಸಬೇಕು. ಆ ಕರಿಯ ಬಣ್ಣವೆಂದರೆ ಉರಿಯದೆ ಉಳಿದ ಇಂಗಾಲ. ಅವನು ಒಲೆಗೆ ಹಾಕಿದ ಉರುವಲೇ ಅದು.

ಒಂದು ಕಿಲೋಗ್ರಾಂ ಇಂಗಾಲ ಪೂರ್ತಿಯಾಗಿ ಉರಿದು ಕಾರ್ಬನ್ ಡೈ ಆಕ್ಸೈಡ್ ಆದರೆ ಸುಮಾರು ೮,೦೦೦ ಕಿಲೊಕ್ಯಾಲರಿ ಶಾಖ ದೊರೆಯುವುದು. ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡಿನ ಹಂತದಲ್ಲಿಯೇ ನಿಂತರೆ ದೊರೆಯುವುದು ಸುಮಾರು ೨,೪೦೦ ಮಾತ್ರ. ಹಾಗೆಂದು ಗಾಳಿಯನ್ನು ಮಿತಿಮೀರಿ ಬಿಟ್ಟರೂ ನಷ್ಟವೇ. ಬೇಡದ ಗಾಳಿ ಒಲೆಯ ಶಾಖವನ್ನು ಹೊತ್ತುಕೊಂಡು ಹೊರಹೋಗುತ್ತದೆ. ಈ ಸೀಮೆಯ ಮಳೆಯನ್ನೂ ಇಲ್ಲಿ ನೆನೆಯಬೇಕು. ಹಸಿ ಸೌದೆಯಲ್ಲಿರುವ ಪ್ರತಿ ಕಿಲೋಗ್ರಾಂ ನೀರನ್ನು ಕಾಯಿಸಿ ಆವಿಯಾಗಿಸುವುದಕ್ಕೇ ೬೦೦ಕ್ಕೂ ಹೆಚ್ಚು ಕಿಲೊಕ್ಯಾಲರಿ ವ್ಯಯವಾಗುತ್ತದೆ. ಸೌದೆ ಒಣಗಿಸುವ ಕೊಟ್ಟಿಗೆಯನ್ನೂ ಯಂತ್ರಗಳ ಸಾಲಿಗೆ ಸೇರಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಕಾನೂನು ಈ ವಿಷಯವನ್ನು ಎರಡಾಗಿ ಸೀಳಿದೆ. ೧೯೮೧ರ ವಾಯು ಮಾಲಿನ್ಯ ಕಾಯಿದೆಯಂತೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹೊಗೆಯನ್ನು ವಿಚಾರಿಸುತ್ತದೆ. ೨೦೦೧ರ ಶಕ್ತಿ ಸಂರಕ್ಷಣಾ ಕಾಯಿದೆ ಇಂಧನವನ್ನು ವಿಚಾರಿಸುತ್ತದೆ. ಆದರೆ ದೊಡ್ಡವರನ್ನು ಹಿಡಿದು. ೨೦೧೨ರಲ್ಲಿ ಆರಂಭವಾದ ಉಳಿತಾಯದ ಯೋಜನೆಯ ಮೊದಲ ಸುತ್ತಿಗೆ ಒಳಪಟ್ಟವು ದೇಶದಲ್ಲೆಲ್ಲ ೪೭೮ ಘಟಕಗಳು. ಸಿಮೆಂಟು, ಉಕ್ಕು, ರಸಗೊಬ್ಬರ ಮೊದಲಾದ ಎಂಟು ವರ್ಗಗಳವು. ಸಣ್ಣ ಮಿಲ್ಲಿನ ಹೊಗೆಯನ್ನು ಕೇಳುವವರುಂಟು, ಉರುವಲನ್ನು ಕೇಳುವವರಿಲ್ಲ. ಆದುದರಿಂದ ಮಾಲಿಕನಿಗೆ ಸುಲಭವಾಗಿ ಕಾಣುವ ದಾರಿ ಹೊಗೆಕೊಳವೆಯನ್ನು ಎತ್ತರಿಸುವುದು, ಇಲ್ಲವೆ ಧೂಳು ಹಿಡಿಯುವ ಸಾಧನವನ್ನು ಹೂಡುವುದು. ಎತ್ತರದ ಕೊಳವೆ ಹೊಗೆಯನ್ನು ದೂರಕ್ಕೆ ಚೆಲ್ಲುತ್ತದೆ. ಸಾಧನದ ಪಂಖ ವಿದ್ಯುತ್ತನ್ನು ತಿನ್ನುತ್ತದೆ. ಒಲೆ ಇದ್ದಂತೆಯೇ ಇರುತ್ತದೆ.

ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಉಮಿ. ಬಿಟ್ಟಿ ಸಿಕ್ಕುವ ಉರುವಲಿಗೆ ಲೆಕ್ಕವೇಕೆ ಎಂದು ಮಿಲ್ಲಿನವರು ಕೇಳಬಹುದು. ಉಳಿಸಿದ ಉಮಿಯನ್ನು ಸೌದೆ ಕೊಳ್ಳುವ ಇನ್ನೊಬ್ಬರಿಗೆ ಮಾರಬಹುದಲ್ಲ! ಚೆನ್ನಾಗಿ ಉರಿದ ಉಮಿಯ ಬೂದಿ ಬೂದುಬಿಳುಪು, ಬಹುಪಾಲು ಸಿಲಿಕ. ಬೂದಿ ಕರಿಯದಾಗಿದ್ದರೆ ಹಣವೂ ಅದರಲ್ಲಿ ಹೋಯಿತೆಂದೇ ಅರ್ಥ.

ಮಂಡಳಿಯು ಒಪ್ಪಿಗೆಯನ್ನು ನವೀಕರಿಸುವಾಗ ಇನ್ನೆರಡು ಅಂಕಿಗಳನ್ನು ಕೇಳಬೇಕೆಂದು ನಾವು ಹೇಳುತ್ತೇವೆ: ಕ್ವಿಂಟಲ್ ಸರಕಿಗೆ ಎಷ್ಟು ಉರುವಲು, ಬಾಯ್ಲರಿನಿಂದ ಹೊರಡುವ ಹೊಗೆಯ ಉಷ್ಣತೆ ಎಷ್ಟು. ಹೊಗೆಯ ಶಾಖದಿಂದ ಬಾಯ್ಲರಿಗೆ ಬಿಡುವ ನೀರನ್ನು ಕಾಯಿಸಿ ಅದರ ಉಷ್ಣತೆಯನ್ನು ಸುಮಾರು ೨೦ ಡಿಗ್ರಿ ಸೆಂಟಿಗ್ರೇಡ್ ಇಳಿಸಿದರೆ ನೂರಕ್ಕೆ ಒಂದರಷ್ಟು ಉರುವಲು ಉಳಿಯುತ್ತದೆ. ಮೊದಲ ವರ್ಷಗಳಲ್ಲಿ ದಂಡ ಬೇಡ. ಸಣ್ಣ ಮಾಲಿಕನ ಬಳಿ ಇಂಜಿನಿಯರಿಲ್ಲ. ಆದರೆ ಮೂಡುಬಿದಿರೆಯಲ್ಲಿಯೂ ಉಜಿರೆಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ಒಂದು ಉಷ್ಣಮಾಪಕವನ್ನೂ ಒಂದು ತಕ್ಕಡಿಯನ್ನೂ ಹಿಡಿದು ಹತ್ತಿರದ ಮಿಲ್ಲಿಗೆ ಹೋದರೆ, ಮೊದಲ ಲೆಕ್ಕವನ್ನು ಒಂದೇ ವಾರದಲ್ಲಿ ಬರೆದುಕೊಡಬಲ್ಲರು.