ಹನುಮನಹಳ್ಳಿಯ ಬಾವಲಿಗೆ ಇಲಿಯ ಲೆಕ್ಕ ಸಲ್ಲದು

ಇಲಿ ವಂಶದ ಡಿಎನ್‌ಎ ಮನುಷ್ಯನದಕ್ಕಿಂತ ಹಲವು ಪಟ್ಟು ವೇಗವಾಗಿ ಬದಲಾಗಿದೆ. ತಿಮಿಂಗಿಲದ್ದು ಬಲು ನಿಧಾನ. ತಲೆಮಾರಿನ ಅವಧಿಯೇ ಇದಕ್ಕೊಂದು ಮುಖ್ಯ ಕಾರಣ. ಇಲಿ ಎರಡು ತಿಂಗಳೊಳಗೆ ಮರಿ ಹಾಕುವಷ್ಟು ಬೆಳೆಯುತ್ತದೆ. ಪೀಳಿಗೆ ಪೀಳಿಗೆಗೂ ಡಿಎನ್‌ಎ ನಕಲಾಗುವಾಗ ಹೊಸ ತಪ್ಪುಗಳು ನುಸುಳುತ್ತವೆ. ಹಾಗಾದರೆ ದೇಹ ಚಿಕ್ಕದಾದಷ್ಟೂ ಬದಲಾವಣೆ ವೇಗವೇ? ಬಾವಲಿಯ ಬದುಕು ಈ ಸೂತ್ರಕ್ಕೆ ಒಗ್ಗುವುದಿಲ್ಲ. ಅದು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ; ಸೈಬೀರಿಯಾದಲ್ಲಿ ಕೆಲವೇ ಗ್ರಾಂ ತೂಕದ ಬಾವಲಿಯೊಂದು 41 ವರ್ಷ ಬದುಕಿದ ದಾಖಲೆಯಿದೆ.

ಕೋಲಾರ ಜಿಲ್ಲೆಗೆ ಇದು ದೂರದ ಮಾತಲ್ಲ. 1994ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ಕೋಲಾರ ಎಲೆಮೂಗಿನ ಬಾವಲಿ ಈಗ ಹನುಮನಹಳ್ಳಿಯ ಗ್ರಾನೈಟ್ ಗುಹೆಯಲ್ಲಷ್ಟೇ ಕಾಣುತ್ತದೆ, ಅದೂ ಸುಮಾರು 200ರ ಒಳಗೆ. ಸುತ್ತಲಿನ ಕಲ್ಲು ಒಡೆದರೂ ಜೀವಿಗಳು ಹೇಗೋ ಹೊಂದಿಕೊಳ್ಳುತ್ತವೆ ಬಿಡಿ ಎನ್ನುವವರು ಬಾವಲಿ ಪೀಳಿಗೆಗಳ ಈ ನಿಧಾನಗತಿಯನ್ನು ಮರೆಯುತ್ತಾರೆ. ಡಿಎನ್‌ಎ ಬದಲಾದ ಮಾತ್ರಕ್ಕೆ ಹೊಂದಾಣಿಕೆಯಾಯಿತೆಂದಲ್ಲ, ಬಹುಪಾಲು ಬದಲಾವಣೆಗಳಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂಬ ಆಕ್ಷೇಪ ನಿಜ. ಆದರೆ ಅದು ನನ್ನ ವಾದಕ್ಕೇ ಬಲ: ಉಪಯೋಗಕ್ಕೆ ಬರುವ ಬದಲಾವಣೆ ಹಾಗಿದ್ದರೆ ಇನ್ನೂ ಅಪರೂಪ, ಇಷ್ಟು ಪುಟ್ಟ ಗುಂಪಿನಲ್ಲಂತೂ ತೀರಾ ಅಪರೂಪ. ಬಂಡೆ ಸಿಡಿಸಲು ಒಂದು ಮಧ್ಯಾಹ್ನ ಸಾಕು. ಜಿಲ್ಲಾಡಳಿತ ಮತ್ತು ಅರಣ್ಯ ಇಲಾಖೆ ಆ ಗುಹೆಯಿರುವ ಗುಡ್ಡದ ಸುತ್ತ ಕಲ್ಲು ಗಣಿಗಾರಿಕೆಗೆ ಎಂದೂ ಅವಕಾಶ ಕೊಡಬಾರದು.